ಬ್ರಾಂಕ್ಸ್ ನದಿಗೆ ಮೀನು ಮರಳಿದ ಕಥೆ



ಪಟ್ಟಣದ ನದಿ ಎಂದೊಡನೆ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಸೇತುವೆ ಬಂದಾಗ ಬಸ್ಸಿನ ಕಿಟಕಿ ಎಳೆಯುತ್ತೇವೆ. ಅಲ್ಲಿ ಒಂದು ಕಾಲದಲ್ಲಿ ಜನ ಈಜುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು ಎಂದರೆ ಮಕ್ಕಳು ನಂಬುವುದಿಲ್ಲ. "ಇದೆಲ್ಲ ಸರ್ಕಾರದ ಕೆಲಸ, ನಮ್ಮಂಥವರಿಂದ ಏನಾದೀತು?" ಎಂಬ ಮಾತು ಮಾತ್ರ ನಮ್ಮೆಲ್ಲರ ಬಾಯಲ್ಲಿ ಸಿದ್ಧವಾಗಿರುತ್ತದೆ. ಈ ಮಾತು ಎಷ್ಟರ ಮಟ್ಟಿಗೆ ಸರಿ? ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬಡವರೇ ಹೆಚ್ಚಾಗಿರುವ ಒಂದು ಭಾಗದ ಜನರು ತಮ್ಮ ನದಿಗಾಗಿ ಮಾಡಿದ್ದನ್ನು ನೋಡಿದರೆ ಉತ್ತರ ಸಿಗುತ್ತದೆ.

ನದಿ ಕೆಟ್ಟದ್ದು ಹೇಗೆ?

ನ್ಯೂಯಾರ್ಕ್ ನಗರದ ಐದು ವಿಭಾಗಗಳಲ್ಲಿ ಬ್ರಾಂಕ್ಸ್ ಒಂದು. ಅದರ ಮೂಲಕ ಹರಿಯುವ ಬ್ರಾಂಕ್ಸ್ ನದಿ ಆ ಮಹಾನಗರದ ಏಕೈಕ ಸಿಹಿನೀರಿನ ನದಿ. ಉತ್ತರದ ವೆಸ್ಟ್‌ಚೆಸ್ಟರ್ ಪ್ರಾಂತ್ಯದಲ್ಲಿ ಹುಟ್ಟಿ, ಸುಮಾರು 37 ಕಿಲೋಮೀಟರ್ ಸಾಗಿ, ಕೊನೆಗೆ ಸಮುದ್ರದ ಉಪ್ಪುನೀರನ್ನು ಸೇರುತ್ತದೆ. ಹಿಂದೆ ಈ ನದಿಯಲ್ಲಿ ಬೀವರ್ ಎಂಬ ಪ್ರಾಣಿಗಳು ಹೇರಳವಾಗಿದ್ದವು. ಹಲ್ಲಿನಿಂದ ಮರ ಕಡಿದು ನೀರಿಗೆ ಅಡ್ಡಲಾಗಿ ಕಟ್ಟೆ ಕಟ್ಟುವುದು ಇವುಗಳ ಸ್ವಭಾವ. 17ನೆಯ ಶತಮಾನದಲ್ಲಿ ಬಂದ ಯುರೋಪಿನ ವ್ಯಾಪಾರಿಗಳು ತುಪ್ಪಳದ ಆಸೆಗೆ ಇವುಗಳನ್ನು ಬೇಟೆಯಾಡಿದರು. ನ್ಯೂಯಾರ್ಕ್ ನಗರದ ಅಧಿಕೃತ ಮುದ್ರೆಯಲ್ಲಿ ಇಂದಿಗೂ ಎರಡು ಬೀವರ್‌ಗಳ ಚಿತ್ರವಿದೆ. ಆದರೆ ನಗರದ ನೀರಿನಲ್ಲಿ ಅವು ಉಳಿಯಲಿಲ್ಲ.

ಬಳಿಕ ಗಿರಣಿಗಳಿಗಾಗಿ ಅಣೆಕಟ್ಟುಗಳು ಬಂದವು. ಕಾರ್ಖಾನೆಗಳು, ರೈಲುಹಳಿ, ಹೆದ್ದಾರಿಗಳು ದಡವನ್ನು ಆಕ್ರಮಿಸಿದವು. ಊರಿನ ಕೊಳಚೆಯೆಲ್ಲ ನದಿಗೆ ಹರಿಯಿತು. ಕೊಳಚೆ ನೀರಿಗೆ ಬಿದ್ದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಮಿತಿಮೀರಿ ಬೆಳೆಯುತ್ತವೆ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅವೇ ಬಳಸಿಬಿಡುವುದರಿಂದ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ನದಿ ವಾಸನೆ ಹೊಡೆಯತೊಡಗಿದಾಗ ಜನ ಅದಕ್ಕೆ ಬೆನ್ನು ತಿರುಗಿಸುತ್ತಾರೆ. ಬೆನ್ನು ತಿರುಗಿಸಿದ ಜಾಗ ಕಸದ ಗುಂಡಿಯಾಗಲು ಹೆಚ್ಚು ದಿನ ಬೇಕಿಲ್ಲ. ಬ್ರಾಂಕ್ಸ್‌ನಲ್ಲೂ ಹೀಗೆಯೇ ಆಯಿತು. ಹಳೆಯ ಕಾರು, ಟೈರು, ಫ್ರಿಜ್ಜುಗಳೆಲ್ಲ ನದಿಯ ಪಾಲಾದವು.

ಕೆಲವರು ಕೈಹಾಕಿದರು

1970ರ ದಶಕ ಬ್ರಾಂಕ್ಸ್ ಜನರಿಗೆ ಅತ್ಯಂತ ಕಷ್ಟದ ಕಾಲ. ಕೆಲಸವಿಲ್ಲ, ಮಾಲೀಕರು ಕೈಬಿಟ್ಟ ಕಟ್ಟಡಗಳು ಬೆಂಕಿಗೆ ಆಹುತಿಯಾಗುತ್ತಿದ್ದವು. ಇಂಥ ಸಮಯದಲ್ಲಿ ನದಿಯ ಚಿಂತೆ ಯಾರಿಗೆ ಬೇಕು ಎಂದು ನಾವು ಕೇಳಬಹುದು. ಆದರೆ ಅದೇ ಕಾಲದಲ್ಲಿ, 1974ರಲ್ಲಿ, ರೂತ್ ಆಂಡರ್‌ಬರ್ಗ್ ಎಂಬ ಮಹಿಳೆಯ ಮುಂದಾಳತ್ವದಲ್ಲಿ ನದಿಯ ಪುನಶ್ಚೇತನಕ್ಕಾಗಿ ಒಂದು ಗುಂಪು ಹುಟ್ಟಿಕೊಂಡಿತು. ನೀರಿಗಿಳಿದು ಕಸ ಎತ್ತುವುದರಿಂದಲೇ ಕೆಲಸ ಆರಂಭವಾಯಿತು.

1997ರಲ್ಲಿ ಶಾಲೆಗಳು, ಬಡಾವಣೆಯ ಸಂಘಗಳು, ಸರ್ಕಾರಿ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂಡತೊಡಗಿದವು. 2001ರಲ್ಲಿ ಈ ಕೂಟವೇ 'ಬ್ರಾಂಕ್ಸ್ ರಿವರ್ ಅಲಯನ್ಸ್' ಎಂಬ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಯಿತು. ನದಿ ಇರುವುದನ್ನೇ ಮರೆತಿದ್ದ ಜನರನ್ನು ದಡಕ್ಕೆ ಕರೆತರಲು 1999ರಲ್ಲಿ ಚಿನ್ನದ ಬಣ್ಣದ ದೊಡ್ಡ ಚೆಂಡೊಂದನ್ನು ನದಿಯಲ್ಲಿ ತೇಲಿಬಿಟ್ಟು ಹಬ್ಬ ಮಾಡಿದ್ದರು. ಚೆಂಡು ತೇಲಿಹೋದಂತೆ ಮೇಲಿನ ಬಡಾವಣೆಯವರಿಗೂ ಕೆಳಗಿನವರಿಗೂ ತಾವು ಒಂದೇ ನದಿಯ ಮಕ್ಕಳೆಂಬ ಅರಿವು ಮೂಡಬೇಕು ಎಂಬುದು ಅದರ ಆಶಯ.

ಹಂಟ್ಸ್ ಪಾಯಿಂಟ್ ಎಂಬಲ್ಲಿ ವಾಸವಿದ್ದ ಮಜೋರಾ ಕಾರ್ಟರ್ ಎಂಬ ಮಹಿಳೆ ತನ್ನ ಅನುಭವವನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಒಂದು ಬೆಳಿಗ್ಗೆ ಅವರ ನಾಯಿ ಅವರನ್ನು ಕಸ ಸುರಿಯುವ ಜಾಗದೊಳಕ್ಕೆ ಎಳೆದುಕೊಂಡು ಹೋಯಿತು. ಕಸದ ರಾಶಿ ದಾಟಿದಾಗ ಎದುರಿಗೆ ಕಂಡದ್ದು ನದಿ! ಅಲ್ಲೇ ಹುಟ್ಟಿ ಬೆಳೆದವರಿಗೂ ನೀರಿನ ದಡಕ್ಕೆ ಹೋಗುವ ದಾರಿ ಇರಲಿಲ್ಲ. 10,000 ಡಾಲರ್‌ಗಳ ಸಣ್ಣ ಅನುದಾನದಿಂದ ಶುರುವಾದ ಆ ಜಾಗದ ಕೆಲಸ, ಬಳಿಕ 30 ಲಕ್ಷ ಡಾಲರ್‌ಗಳ ಉದ್ಯಾನವಾಗಿ ಬೆಳೆಯಿತು. ಹಾಗೆಯೇ 1987ರಲ್ಲಿ ಮುಚ್ಚಿದ್ದ ಕಾಂಕ್ರೀಟ್ ಕಾರ್ಖಾನೆಯೊಂದರ ಜಾಗವೂ 2009ರಲ್ಲಿ ನದಿ ದಡದ ಉದ್ಯಾನವಾಗಿ ತೆರೆಯಿತು. ಕಾರ್ಖಾನೆಯ ಹಳೆಯ ಗೋಪುರಗಳನ್ನು ನೆನಪಿಗಾಗಿ ಹಾಗೆಯೇ ಉಳಿಸಿಕೊಂಡಿದ್ದಾರೆ.

ಮರಳಿ ಬಂದ ಅತಿಥಿಗಳು

ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ ಏಲ್‌ವೈಫ್ ಎಂಬ ಮೀನು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಬರುತ್ತದೆ. ಅಣೆಕಟ್ಟುಗಳು ಇದರ ದಾರಿಯನ್ನು ಮುಚ್ಚಿದ್ದವು. 2006ರಲ್ಲಿ ನೆರೆಯ ಕನೆಕ್ಟಿಕಟ್ ರಾಜ್ಯದಿಂದ ಸುಮಾರು 200 ಮೀನುಗಳನ್ನು ತಂದು ಬ್ರಾಂಕ್ಸ್ ನದಿಗೆ ಬಿಡಲಾಯಿತು. ಅವುಗಳ ಮರಿಗಳು ಸಮುದ್ರಕ್ಕೆ ಹೋಗಿ, ದೊಡ್ಡವಾಗಿ ಹಿಂತಿರುಗಲು ಮೂರು ನಾಲ್ಕು ವರ್ಷ ಕಾಯಬೇಕಿತ್ತು. 2009ರಲ್ಲಿ ಮೀನುಗಳು ಮರಳಿದ್ದು ಕಂಡುಬಂತು. ಮುಂದೆ ಅಣೆಕಟ್ಟೊಂದರ ಬಳಿ ಮೀನುಗಳು ಮೇಲೇರಲು ಮೆಟ್ಟಿಲಿನಂಥ ಕಾಲುವೆಯನ್ನೂ ಕಟ್ಟಿದರು.

2007ರಲ್ಲಿ ಇನ್ನೂ ದೊಡ್ಡ ಆಶ್ಚರ್ಯ ಕಾದಿತ್ತು. ಯಾರೂ ತಂದು ಬಿಡದೆ ಒಂದು ಬೀವರ್ ತಾನಾಗಿ ಬಂದು ನೆಲೆಸಿತು. ಸುಮಾರು 200 ವರ್ಷಗಳ ಬಳಿಕ ಆ ನಗರದಲ್ಲಿ ಕಂಡ ಮೊದಲ ಬೀವರ್ ಅದು. ನದಿಗಾಗಿ ಕೇಂದ್ರ ಸರ್ಕಾರದ ಹಣ ತಂದುಕೊಟ್ಟ ಜನಪ್ರತಿನಿಧಿ ಹೋಸೆ ಸೆರಾನೊ ಅವರ ಗೌರವಾರ್ಥ ಜನ ಅದಕ್ಕೆ 'ಹೋಸೆ' ಎಂದು ಹೆಸರಿಟ್ಟರು. 2023ರ ಜನವರಿಯಲ್ಲಿ ಡಾಲ್ಫಿನ್‌ಗಳೂ ಸಮುದ್ರದಿಂದ ನದಿಯೊಳಗೆ ಬಂದು ಹೋದವು.

ಹೋರಾಟ ಮುಗಿದಿಲ್ಲ

ಹಾಗೆಂದು ನದಿ ಪೂರ್ತಿ ಶುದ್ಧವಾಗಿದೆ ಎಂದು ತಿಳಿಯಬಾರದು. ನ್ಯೂಯಾರ್ಕ್‌ನ ಹಳೆಯ ಒಳಚರಂಡಿಯ ಬಹುಭಾಗದಲ್ಲಿ ಮಳೆನೀರು, ಶೌಚಾಲಯದ ನೀರು ಎರಡೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆ ಬಂದಾಗ ಶುದ್ಧೀಕರಣ ಘಟಕಕ್ಕೆ ಅಷ್ಟು ನೀರನ್ನು ತಡೆದುಕೊಳ್ಳಲಾಗದೆ, ಹೆಚ್ಚಾದದ್ದು ಹಾಗೆಯೇ ನದಿಗೆ ಬೀಳುತ್ತದೆ. ಕಸ ಎತ್ತಿದ ಮಾತ್ರಕ್ಕೆ ಇದು ನಿಲ್ಲದು. ಮಳೆನೀರು ಚರಂಡಿ ಸೇರುವ ಮೊದಲೇ ಮಣ್ಣಿನಲ್ಲಿ ಇಂಗಬೇಕು. ಅದಕ್ಕೆ ರಸ್ತೆಬದಿಯಲ್ಲಿ ಗಿಡಗಳಿರುವ ಇಂಗುಗುಂಡಿಗಳು ಬೇಕು, ಕೊಳವೆಗಳನ್ನು ಸರಿಪಡಿಸಲು ನಗರಾಡಳಿತ ಹಣ ತೆಗೆದಿಡಬೇಕು. ಆದ್ದರಿಂದಲೇ ಅಲಯನ್ಸ್‌ನ ಸ್ವಯಂಸೇವಕರು ಇಂದಿಗೂ ನೀರನ್ನು ಪರೀಕ್ಷಿಸುತ್ತಾರೆ, ತೇಲುವ ತಡೆ ಹಾಕಿ ಕಸ ಹಿಡಿಯುತ್ತಾರೆ, ದಡದಲ್ಲಿ ಗಿಡ ನೆಡುತ್ತಾರೆ.

ನಾವೇನು ಕಲಿಯಬಹುದು?

ಮೊದಲನೆಯದಾಗಿ, ಬಡತನವಿರುವಲ್ಲಿ ನದಿಯ ಮಾತು ಬೇಡ ಎನ್ನುವುದು ತಪ್ಪು. ಕೊಳಕು ನೀರಿನ ಪಕ್ಕದಲ್ಲಿ ಬದುಕಬೇಕಾದವರು ಬಡವರೇ ಅಲ್ಲವೇ? ಎರಡನೆಯದಾಗಿ, ಜನರ ಕೈಕೆಲಸ, ಸರ್ಕಾರದ ಹಣ ಎರಡೂ ಬೇಕು. ಜನ ಮೊದಲು ನೀರಿಗಿಳಿದದ್ದರಿಂದ ಅಧಿಕಾರಿಗಳೂ ದಡಕ್ಕೆ ಬಂದರು. ಮೂರನೆಯದಾಗಿ, ತಾಳ್ಮೆ. 1974ರಲ್ಲಿ ಕಸ ಎತ್ತಿದವರು ಬೀವರ್ ಕಾಣಲು 33 ವರ್ಷ ಕಾಯಬೇಕಾಯಿತು.

ಈ ಭಾನುವಾರ ಮಧ್ಯಾಹ್ನದ ಊಟದ ಬಳಿಕ ಮನೆಯವರೆಲ್ಲ ಒಂದು ಸಣ್ಣ ಕೆಲಸ ಮಾಡೋಣ. ನಮ್ಮ ಬಚ್ಚಲಿನ, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳೊಡನೆ ಮೋರಿಯ ಜಾಡು ಹಿಡಿದು ನೋಡೋಣ. ಅದು ಸೇರುವ ಹಳ್ಳದ ಅಥವಾ ಹೊಳೆಯ ಹೆಸರನ್ನು ಅಜ್ಜ ಅಜ್ಜಿಯರಿಂದ ಕೇಳಿ ತಿಳಿಯೋಣ. ಹೆಸರು ತಿಳಿದ ಮೇಲೆ ನಮ್ಮ ಧರ್ಮಕೇಂದ್ರದ ನಾಲ್ಕಾರು ಕುಟುಂಬಗಳು ಒಟ್ಟಾಗಿ, ನೆರೆಹೊರೆಯ ಎಲ್ಲ ಧರ್ಮದವರನ್ನೂ ಸೇರಿಸಿಕೊಂಡು, ಅದರ ದಡಕ್ಕೆ ಒಮ್ಮೆ ಹೋಗಿಬರೋಣ.