ಅಲೆಯೇಣಿನ ಕಿರುಗಳ್ಳಿಯ ಗುರುತುಗಳು

ಬಯಲುಸೀಮೆಯ ರೈತರಿಗೆ ಪಾಪಾಸುಕಳ್ಳಿಯ ಉಪದ್ರವವನ್ನು ಹೊಸದಾಗಿ ವಿವರಿಸಬೇಕಾದುದಿಲ್ಲ. ಆದುದರಿಂದ ಪುತ್ತೂರು ಕಡೆಯ ಬೆಟ್ಟಂಪಾಡಿಯಂತಹ ಅಡಕೆತೋಟದ ಊರಿನಲ್ಲಿ, ಜಗಲಿಯ ಮೇಲಣ ಕುಂಡದಲ್ಲಿ ಪರದೇಶದ ಮುಳ್ಳುಗಳ್ಳಿಯೊಂದನ್ನು ಕಂಡವರಿಗೆ, ಇದೂ ಜಮೀನಿಗೆ ಹಬ್ಬೀತೇ ಎಂಬ ಶಂಕೆಯುಂಟಾಗುವುದು ಸಹಜವೇ. ಅದಕ್ಕೆ ಉತ್ತರವು ಗಿಡದ ಮೈಯಲ್ಲಿಯೇ ಇರುವುದು.

ಮೆಕ್ಸಿಕೋ ದೇಶದ ಒಣನೆಲಕ್ಕೆ ಸೇರಿದ ಸ್ಟೆನೋಕ್ಯಾಕ್ಟಸ್ ಎಂಬ ಕುಲದ ಕಳ್ಳಿಗಳು ಬಲು ಚಿಕ್ಕವು. ಗುಂಡಗಿನ ಕಾಂಡವು ಸಾಮಾನ್ಯವಾಗಿ ಮೂರು ನಾಲ್ಕು ಅಂಗುಲಗಳಷ್ಟಿದ್ದು, ಎಲೆಗಳಿಲ್ಲದುದರಿಂದ ಹಸಿರು ಕಾಂಡವೇ ಎಲೆಯ ಕೆಲಸವನ್ನು ಮಾಡುವುದು. ಬುಡದಿಂದ ನೆತ್ತಿಯವರೆಗೆ ತೆಳುವಾದ ಏಣುಗಳು ಒತ್ತೊತ್ತಾಗಿ ನಿಂತಿರುವುವು. ಬಹುತೇಕ ಜಾತಿಗಳಲ್ಲಿ ಇವು ಮೂವತ್ತಕ್ಕೂ ಹೆಚ್ಚು. ಒಂದು ಜಾತಿಯಲ್ಲಿ ನೂರನ್ನು ಮೀರುವುದೂ ಉಂಟು. ಇವು ನೆಟ್ಟಗಿರದೆ ಸೀರೆಯ ನೆರಿಗೆಯಂತೆ ಅಲೆಯಲೆಯಾಗಿ ಬಳುಕಿರುವುದೇ ಮುಖ್ಯವಾದ ಗುರುತು. ಈ ನೆರಿಗೆಗಳು ಬರಿಯ ಅಲಂಕಾರವಲ್ಲ. ಮಳೆ ಬಿದ್ದಾಗ ಕಾಂಡವು ನೀರು ಹೀರಿ ಉಬ್ಬುವುದಕ್ಕೂ, ಬರಗಾಲದಲ್ಲಿ ತೊಗಲು ಬಿರಿಯದಂತೆ ಕುಗ್ಗುವುದಕ್ಕೂ ಇವು ಎಡೆಗೊಡುವುವು. ಒಂದು ಜಾತಿಗೆ ಮಾತ್ರ ದಪ್ಪವಾದ, ನೇರವಾದ ಕೆಲವೇ ಏಣುಗಳಿರುವುದರಿಂದ ಏಣಿನ ಲೆಕ್ಕವೊಂದನ್ನೇ ನಂಬಬಾರದು.

ಏಣಿನ ಅಂಚಿನಲ್ಲಿ ದೂರದೂರವಾಗಿ ತುಪ್ಪುಳಿನ ಸಣ್ಣ ಮೆತ್ತೆಗಳಿದ್ದು, ಮುಳ್ಳುಗಳು ಅವುಗಳಿಂದಲೇ ಹೊರಡುವುವು. ಸುತ್ತಿನ ಮುಳ್ಳುಗಳು ಸಣ್ಣವು. ಮೇಲ್ಗಡೆಯ ನಡುಮುಳ್ಳು ಅನೇಕ ಜಾತಿಗಳಲ್ಲಿ ಹುಲ್ಲಿನ ಗರಿಯಂತೆ ಚಪ್ಪಟೆಯಾಗಿ, ಎರಡು ಅಂಗುಲದಷ್ಟು ಉದ್ದಕ್ಕೂ ಬೆಳೆಯುವುದು. ಹೂವು ನೆತ್ತಿಯಲ್ಲಿ ಅರಳುವುದು. ಎಸಳಿನ ನಡುವೆ ಸಾಮಾನ್ಯವಾಗಿ ಕಡುಬಣ್ಣದ ಗೆರೆಯಿರುವುದು.

ನಮ್ಮ ಬೇಲಿಗಳ ಚದುರಗಳ್ಳಿಗೂ ಅಲೆಯಂತಹ ಏಣುಗಳುಂಟು. ಆದರೆ ಅದರ ಮುಳ್ಳುಗಳು ಗಿಡ್ಡವಾಗಿ, ಜೋಡಿಜೋಡಿಯಾಗಿ, ತುಪ್ಪುಳಿನ ಮೆತ್ತೆಯಿಲ್ಲದೆ ಹುಟ್ಟುವುವು. ಗೀರಿದರೆ ಬಿಳಿಯ ಹಾಲು ಸುರಿಯುವುದು. ಆ ಹಾಲು ಕಣ್ಣಿಗೆ ತಗುಲದಂತೆ ನೋಡಿಕೊಳ್ಳತಕ್ಕದ್ದು. ಅದು ಹರಳುಗಿಡದ ಬಳಗ. ಕಳ್ಳಿಯೆಂಬ ಹೆಸರು ಮೊದಲು ಇಂತಹ ಹಾಲುಗಿಡಗಳದೇ. ಅಮೆರಿಕದಿಂದ ಬಂದ ಪಾಪಾಸುಕಳ್ಳಿಗೆ ತರುವಾಯ ಸಂದಿತು.

ಈ ಭೇದವನ್ನರಿಯುವುದರಿಂದ ಪ್ರಯೋಜನವುಂಟು. 1795ರಲ್ಲಿ ಕೆಂಪು ಬಣ್ಣ ಕೊಡುವ ಹುಳುವೆಂದು ಭ್ರಮಿಸಿ ಬ್ರೆಜಿಲಿನಿಂದ ತಂದ ಬೇರೊಂದು ಹುಳುವು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದುಹಾಕಿತು. 1926ರಲ್ಲಿ ಸಿಂಹಳದಿಂದ ತಂದ ಅದರ ಬಳಗದ ಮತ್ತೊಂದು ಹುಳುವು ದಕ್ಷಿಣದ ಜಾತಿಯನ್ನು ಅಡಗಿಸಿತು. ಹಾಲುಗಳ್ಳಿಗಳನ್ನು ಇವು ಮುಟ್ಟವು.

ಪಾಪಾಸುಕಳ್ಳಿಯಲ್ಲಿ ಮುರಿದುಬಿದ್ದ ಚಪ್ಪಟೆ ತುಂಡುಗಳು ಬೇರುಬಿಡುವುವು. ಹಣ್ಣನ್ನು ತಿಂದ ಹಕ್ಕಿಗಳೂ ಬೀಜವನ್ನು ಹರಡುವುವು. ಕಿರುಗಳ್ಳಿಯಾದರೋ ಸಾಮಾನ್ಯವಾಗಿ ಕೊಂಬೆಯಿಲ್ಲದ ಒಂಟಿ ಗುಂಡು. ಮುರಿದು ಹಬ್ಬಲು ಅದಕ್ಕೆ ತುಂಡುಗಳೇ ಇಲ್ಲ. ಬೆಟ್ಟಂಪಾಡಿಯ ಮಳೆಗಾಲದಲ್ಲಿ ಬಯಲಿಗಿಟ್ಟರೆ ಅದು ಬೇರು ಕೊಳೆತು ಸಾಯುವ ಸಂಭವವೇ ಹೆಚ್ಚು. ಸಾಕಬಯಸುವವರು ಮರಳು ಹೆಚ್ಚಾಗಿ ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಜೂನಿನಿಂದ ಸೆಪ್ಟೆಂಬರಿನವರೆಗೆ ಮಾಡಿನ ಕೆಳಗೆ ಇರಿಸತಕ್ಕದ್ದು. ಪಾಪಾಸುಕಳ್ಳಿಯನ್ನು ಕಡಿಸುವವರು ಮಾತ್ರ ತುಂಡುಗಳನ್ನು ಹಳ್ಳಕ್ಕೆಸೆಯದೆ, ಒಂದೆಡೆ ಒಟ್ಟಿ, ಚೆನ್ನಾಗಿ ಒಣಗಿದ ಮೇಲೆ ಸುಡಿಸತಕ್ಕದ್ದು.