ಹಳೆಯ ಬಿಡದಿ, ಹೊಸ ಅತಿಥಿ

ಹಾಲ್ಕುರಿಕೆಯ ಸುತ್ತಿನ ತೆಂಗಿನ ಸೀಮೆಯವರಿಗೆ ಜಗುಲಿ ಏತಕ್ಕೆಂದು ವಿವರಿಸಬೇಕಾಗಿಲ್ಲ. ಬಂದವರು ಕುಳಿತು ದಣಿವಾರಿಸಿಕೊಳ್ಳಲೆಂದೇ ಅದನ್ನು ಕಟ್ಟುವುದು. ಯೂರೋಪಿನ ಪಟ್ಟಣವೊಂದರಲ್ಲಿ ಚಾರಿತ್ರಿಕ ಹೋಟೆಲನ್ನು ಆರಿಸುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಈ ಕಟ್ಟಡವನ್ನು ಕಟ್ಟಿದ್ದು ಯಾರಿಗಾಗಿ?

ನಮ್ಮ ಮೈಸೂರಿನ ಲಲಿತಮಹಲನ್ನೇ ನೋಡಿ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಕಟ್ಟಿಸಿದ್ದು ವೈಸರಾಯರ ಬಿಡದಿಗಾಗಿ. 1974ರಲ್ಲಿ ಅದು ಹೋಟೆಲಾಯಿತು. ಅದರ ವಿಶಾಲವಾದ ಅಂಗಳಕ್ಕೂ ಅತಿಥಿಗೂ ಹುಟ್ಟಿನಿಂದಲೇ ನಂಟು. ಸ್ಪೇನಿನ ಗ್ರನಾಡದ ಸಂಗತಿ ಬೇರೆ. ಅಲ್ಲಿ ಆಲ್ಹಾಂಬ್ರ ಕೋಟೆಯೊಳಗಿರುವ ಸರಕಾರಿ ಹೋಟೆಲು ಹಿಂದೆ ಕ್ರೈಸ್ತ ಸಂನ್ಯಾಸಿಗಳ ಮಠವಾಗಿತ್ತು. ರಾಜವೈಭವವನ್ನು ಅರಸುವವರಿಗಿಂತ ಮೌನವನ್ನು ಬಯಸುವವರಿಗೆ ಅಂಥ ಮನೆ ಒಪ್ಪುತ್ತದೆ.

ಎರಡನೆಯದಾಗಿ, ನಮಗೆ ಕೊಡುವ ಕೋಣೆ ಮೂಲ ಕಟ್ಟಡದಲ್ಲಿದೆಯೋ, ಆಮೇಲೆ ಸೇರಿಸಿದ ಭಾಗದಲ್ಲಿದೆಯೋ? ಮುಂಬಾಗಿಲಿನ ಚಿತ್ರ ಇದನ್ನು ಹೇಳದು. ಮೂರನೆಯದು ಮೆಟ್ಟಿಲು. ಯೂರೋಪಿನ ಹಳೆಯ ಮನೆಗಳಲ್ಲಿ ಲಿಫ್ಟ್ ಇಲ್ಲದಿರುವುದುಂಟು. ವೃದ್ಧ ತಂದೆತಾಯಿಯರೊಡನೆ ಹೋಗುವವರು ಮುಂಚಿತವಾಗಿಯೇ ವಿಚಾರಿಸಿಕೊಳ್ಳುವುದು ಮೇಲು.

ಇಂಥ ಮನೆಗಳ ಸೂರು ಸೋರದೆ ನಿಲ್ಲಬೇಕಾದರೆ ಅತಿಥಿಗಳು ತೆರುವ ಹಣವೇ ಆಧಾರ. ಆದಕಾರಣ, ಹಳೆಯದನ್ನು ಅಳಿಸದೆ ದುರಸ್ತಿ ಮಾಡಿಕೊಂಡು ಬಂದವರ ಬಾಗಿಲನ್ನೇ ತಟ್ಟುವುದು ಒಳ್ಳೆಯದು.