ಕೊಡಗಿನ ಹಣ್ಣಿನ ಸಿಹಿಗಳಲ್ಲಿ ಪೋಷಕಾಂಶ ಎಷ್ಟು?

ಹುತ್ತರಿ ಹಬ್ಬದಂದು ಕೊಡಗಿನ ಮನೆಗಳಲ್ಲಿ ಮಾಡುವ ತಂಬಿಟ್ಟು, ಹಣ್ಣನ್ನು ಬೇಯಿಸದೆ ತಯಾರಿಸುವ ಸಿಹಿ. ಕುಸುಬಲಕ್ಕಿಯನ್ನು ಮೆಂತ್ಯ, ಏಲಕ್ಕಿಯೊಡನೆ ಹುರಿದು ಪುಡಿ ಮಾಡುತ್ತಾರೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚಿ, ಆ ಪುಡಿ ಬೆರೆಸಿ ನಾದಿ, ತುಪ್ಪ, ತೆಂಗಿನತುರಿ, ಹುರಿದ ಎಳ್ಳಿನೊಡನೆ ಬಡಿಸುತ್ತಾರೆ.

100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 90 ಕಿಲೋಕ್ಯಾಲರಿ ಶಕ್ತಿ, ಎರಡೂವರೆ ಗ್ರಾಂ ನಾರು, 350 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಬಿ6 ಜೀವಸತ್ವವೂ ಚೆನ್ನಾಗಿ ಸಿಗುತ್ತದೆ. ಅದಕ್ಕೆ 30 ಗ್ರಾಂ ಅಕ್ಕಿಪುಡಿ, 10 ಗ್ರಾಂ ತೆಂಗಿನತುರಿ, ಒಂದು ಟೀ ಚಮಚ ತುಪ್ಪ ಸೇರಿದರೆ ಶಕ್ತಿ ಸುಮಾರು 280 ಕಿಲೋಕ್ಯಾಲರಿಗೆ ಏರುತ್ತದೆ. ಎಳ್ಳು ಕ್ಯಾಲ್ಸಿಯಂ ಒದಗಿಸುತ್ತದೆ. ಬಾಳೆಕಾಯಿ ಹಣ್ಣಾಗುವಾಗ ಅದರ ಪಿಷ್ಟವೇ ಸಕ್ಕರೆಯಾಗುವುದರಿಂದ, ಪೂರ್ತಿ ಕಳಿತ ಹಣ್ಣು ಹಾಕಿದ ತಂಬಿಟ್ಟಿಗೆ ಬೇರೆ ಸಕ್ಕರೆ ಬೇಕಾಗುವುದಿಲ್ಲ.

ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಡಗಿನ ಕಿತ್ತಳೆ ಮ್ಯಾಂಡರಿನ್ ಜಾತಿಯದು. ಈ ಜಾತಿಯ 100 ಗ್ರಾಂ ತೊಳೆಗಳಲ್ಲಿ ಸುಮಾರು 27 ಮಿಲಿಗ್ರಾಂ ಸಿ ಜೀವಸತ್ವವಿರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದುದರಲ್ಲಿ ಇದು ಮೂರನೇ ಒಂದು ಪಾಲಿನಷ್ಟು. ಕಾಯಿಸಿದರೆ ಈ ಸತ್ವ ಕಡಿಮೆಯಾಗುತ್ತದೆ. ಆದ್ದರಿಂದ ತೊಳೆಗಳನ್ನು ಹಸಿಯಾಗಿಯೇ, ತಿನ್ನುವ ಹೊತ್ತಿಗೆ ಬಿಡಿಸಿ ಸಿಹಿಗೆ ಬೆರೆಸುವುದು ಒಳ್ಳೆಯದು. ಹಿಂಡಿ ಸೋಸಿದರೆ ನಾರಿನ ಬಹುಪಾಲು ಹೋಗುತ್ತದೆ.

ಕಾಫಿ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣಿನ ಗುಣವೇ ಬೇರೆ. 100 ಗ್ರಾಂ ತಿರುಳಿನಲ್ಲಿ 160 ಕಿಲೋಕ್ಯಾಲರಿ, ಸುಮಾರು 15 ಗ್ರಾಂ ಕೊಬ್ಬು, 6ರಿಂದ 7 ಗ್ರಾಂ ನಾರು ಇದ್ದರೂ ಸಕ್ಕರೆ 1 ಗ್ರಾಂ ಕೂಡ ಇಲ್ಲ. ಕೊಬ್ಬಿನ ಬಹುಭಾಗ ಹೃದಯಕ್ಕೆ ಹಿತವಾದ ಬಗೆಯದು. ಆದರೆ ಹಾಲು, ಸಕ್ಕರೆ ಹಾಕಿ ಕಡೆದ ಬೆಣ್ಣೆಹಣ್ಣಿನ ಸಿಹಿಯೆಲ್ಲ ಹೊರಗಿನಿಂದ ಬಂದದ್ದು. ನಾಲ್ಕು ಟೀ ಚಮಚ ಸಕ್ಕರೆ ಹಾಕಿದರೆ 16 ಗ್ರಾಂ ಆಯಿತು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ದಿನಕ್ಕೆ 2000 ಕಿಲೋಕ್ಯಾಲರಿ ಸೇವಿಸುವವರು ಸೇರಿಸಿದ ಸಕ್ಕರೆಯನ್ನು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಇಡಬೇಕು. ಇಡೀ ಹಣ್ಣಿನಲ್ಲಿರುವ ಸಕ್ಕರೆ ಈ ಲೆಕ್ಕಕ್ಕೆ ಬರುವುದಿಲ್ಲ. ಹಣ್ಣಿನ ರಸ, ಬೆಲ್ಲ, ಜೇನುತುಪ್ಪದ್ದು ಬರುತ್ತದೆ. ಜೇನು ಹಾಕಿದರೆ ಸಕ್ಕರೆ ತಪ್ಪುತ್ತದೆ ಎಂಬುದು ಸರಿಯಲ್ಲ: ಒಂದು ಟೀ ಚಮಚ ಜೇನಿನಲ್ಲಿ ಸುಮಾರು 6 ಗ್ರಾಂ, ಅಷ್ಟೇ ಅಳತೆಯ ಸಕ್ಕರೆಯಲ್ಲಿ 4 ಗ್ರಾಂ.

ಮಧುಮೇಹ ಇರುವವರು ಹಣ್ಣಿನ ಪ್ರಮಾಣವನ್ನೂ ವೈದ್ಯರ ಸಲಹೆಯಂತೆ ಇಟ್ಟುಕೊಳ್ಳಬೇಕು. ಉಳಿದವರು ಹಣ್ಣನ್ನು ಕಳಿಯಲು ಬಿಟ್ಟು, ಸೋಸದೆ ಬಳಸಿ, ರುಚಿ ನೋಡಿದ ಮೇಲೆ ಮಾತ್ರ ಸಕ್ಕರೆ ಸೇರಿಸಿದರೆ ಹಣ್ಣಿನ ಸತ್ವವೂ ಸಿಗುತ್ತದೆ, ಹೆಚ್ಚಿನ ಸಕ್ಕರೆಯೂ ತಪ್ಪುತ್ತದೆ.